ಗುಡುಗಜ್ಜಿ ಕೆಳಗಿಳಿಯುವ ಹೊತ್ತು

ಆ ಮನೆಗೆ ಇಂಗ್ಲಿಷ್ ಬಂದು ಕೂತದ್ದೇ ತಡ, ಇದ್ದವರೆಲ್ಲ ಒಬ್ಬೊಬ್ಬರಾಗಿ ಎದ್ದು ಜಾಗ ಬಿಡಬೇಕಾಯಿತು.

ಅದನ್ನು ಕರೆತಂದವಳು ಮಗಳು. ಹನ್ನೆರಡನೇ ತರಗತಿ, ಮನೆಯಲ್ಲಿ ಎಲ್ಲರ ಬಾಯಲ್ಲೂ ಗಿಣಿ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಇಂಗ್ಲಿಷನ್ನು ಓದಿ ಬರೆಯುವ ಭಾಗದಲ್ಲಿ ಹೇಗೋ ದಡ ಮುಟ್ಟಿದ್ದಳು. ಕೇಳಿ ಬರೆಯುವ ಭಾಗದಲ್ಲಿ ಮಕಾಡೆ ಮಲಗಿದ್ದಳು. ಅವಳಿಗೆ ಹೋಗಬೇಕಿದ್ದ ನರ್ಸಿಂಗ್ ಕಾಲೇಜಿನವರು ಎರಡೂ ಭಾಗ ಪಾಸಾಗದವರ ಅರ್ಜಿಯನ್ನು ಕೈಯಿಂದಲೂ ಮುಟ್ಟುವುದಿಲ್ಲ. ಅದು ತಪ್ಪಿದರೆ ಅಮ್ಮನ ಪಕ್ಕದಲ್ಲಿ ಇನ್ನೊಂದು ಹೊಲಿಗೆ ಯಂತ್ರ, ಅಷ್ಟೇ.

ಇಯರ್‌ಫೋನ್ ಹಾಕಿಕೊಂಡು ಒಂದು ಮೂಲೆಯಲ್ಲಿ ಕೂತು ಅಭ್ಯಾಸ ಮಾಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಇಂಗ್ಲಿಷ್ ಟೀಚರು ಅದು ಕೂಡದೆಂದು ಕಟ್ಟುನಿಟ್ಟಾಗಿ ಹೇಳಿದ್ದರು. ಪರೀಕ್ಷೆಯಲ್ಲಿ ಗೋಡೆಯ ಮೇಲಿನ ಸ್ಪೀಕರಿನಿಂದ ಎರಡೇ ಎರಡು ಸಲ ಹಾಕುತ್ತಾರೆ. ಕಿವಿಯೊಳಗೆ ತುರುಕಿಕೊಂಡು ಕಲಿತವರಿಗೆ ಆ ದೊಡ್ಡ ಹಾಲಿನಲ್ಲಿ ಏನೂ ಕೇಳಿಸುವುದಿಲ್ಲ ಎನ್ನುವುದು ಅವರ ವಾದ. "ಫೋನು ಮೇಜಿನ ಮೇಲಿರ್ಲಿ, ನೀವು ಎರಡು ಮಾರು ದೂರ ಕೂತ್ಕೊಳ್ಳಿ. ಮನೇಲಿ ಒಂದು ಗಂಟೆ ನಿಶ್ಶಬ್ದ ಕೊಡಿ ಅಂತ ಕೇಳಿ. ಕೊಡ್ದೆ ಏನ್ಮಾಡ್ತಾರೆ?" ಎಂದಿದ್ದರು. ಅವರ ಮನೆಯಲ್ಲಿ ಎಷ್ಟು ಕೋಣೆಗಳಿದ್ದವೋ ಗೊತ್ತಿಲ್ಲ.

ಗಿಣಿಯ ಮನೆಯಲ್ಲಿದ್ದದ್ದು ಒಂದು ಕೋಣೆ, ಅದಕ್ಕೆ ಅಂಟಿಕೊಂಡ ಅಡುಗೆ ಜಾಗ, ಒಂದು ಬಾತ್‌ರೂಮು. ಬಾಗಿಲು ಅಂತ ಇದ್ದದ್ದು ಮುಂಬಾಗಿಲು ಬಿಟ್ಟರೆ ಬಾತ್‌ರೂಮಿಗೆ ಮಾತ್ರ. ಕಟ್ಟಡದ ಮೂರನೇ ಮಹಡಿ. ಅಪ್ಪ ಲಿಫ್ಟ್ ಮೆಕ್ಯಾನಿಕ್. ಊರಿನವರ ಲಿಫ್ಟುಗಳನ್ನೆಲ್ಲ ಮೇಲೆ ಕೆಳಗೆ ಓಡಿಸುವ ಮನುಷ್ಯನ ಮನೆಗೆ ಲಿಫ್ಟಿಲ್ಲ ಎಂದು ಮೆಟ್ಟಿಲಲ್ಲಿ ಸಿಕ್ಕವರೆಲ್ಲ ನಗುತ್ತಿದ್ದರು. ಅವನೂ ನಗುತ್ತಿದ್ದ, ಆದರೆ ದಿನಾ ನಕ್ಕು ನಕ್ಕು ಆ ನಗುವಿನಲ್ಲಿ ಹುರುಪು ಉಳಿದಿರಲಿಲ್ಲ.

ಮೊದಲು ಬಾಯಿ ಮುಚ್ಚಿದ್ದು ಅಮ್ಮನ ಹೊಲಿಗೆ ಯಂತ್ರ. ಶಾಲೆ ಮಕ್ಕಳ ಸಮವಸ್ತ್ರ, ಪರದೆ, ದಿಂಬಿನ ಚೀಲ, ಹೀಗೆ ಅವಳ ಕೈಯಲ್ಲಿ ಸದಾ ಕೆಲಸ. ಸಂಜೆಯ ಆ ಒಂದು ಗಂಟೆ ಅವಳು ಗುಂಡಿ ಹಚ್ಚುವುದು, ದಾರ ಬಿಚ್ಚುವುದು ಇಂಥದ್ದನ್ನು ಇಟ್ಟುಕೊಂಡಳು. ಆಮೇಲೆ ಕುಕ್ಕರು. ಸೀಟಿ ಹಾಕುತ್ತದೆಂದು ಅನ್ನಕ್ಕಿಡುವುದು ತಡವಾಗಿ, ಹಸಿದು ಬಂದ ಅಪ್ಪ ಬ್ರೆಡ್ಡಿನ ತುಂಡನ್ನು ಚಹಾದಲ್ಲಿ ಅದ್ದಿ ಸದ್ದಿಲ್ಲದೆ ತಿನ್ನುವುದನ್ನು ಕಲಿತ. ಇಷ್ಟೆಲ್ಲ ಆಯಿತು. ಅಜ್ಜಿಯನ್ನು ಏನು ಮಾಡುವುದು?

ಅಜ್ಜಿ ಅಪ್ಪನ ತಾಯಿ. ಕಟ್ಟಡದವರಿಗೆಲ್ಲ ಗುಡುಗಜ್ಜಿ. ಪ್ರಾಯವನ್ನೆಲ್ಲ ನೂಲಿನ ಗಿರಣಿಯಲ್ಲಿ ಕಳೆದವಳು. ಅಲ್ಲಿ ಪಕ್ಕದಲ್ಲಿ ನಿಂತವಳಿಗೆ ನೀರು ಕೊಡು ಅನ್ನಬೇಕಾದರೂ ಗಂಟಲು ಹರಿದುಕೊಳ್ಳಬೇಕಿತ್ತು. ಗಿರಣಿ ಅವಳ ಕಿವಿಯನ್ನು ಇಟ್ಟುಕೊಂಡು ಗಂಟಲನ್ನು ಮಾತ್ರ ವಾಪಸು ಕಳಿಸಿತ್ತು. ಆ ಸಂಬಳದಲ್ಲೇ ಮಗನನ್ನು ಓದಿಸಿ ಮೆಕ್ಯಾನಿಕ್ ಮಾಡಿದ್ದು ಅನ್ನುವುದನ್ನು ಆ ಮನೆಯಲ್ಲಿ ಯಾರೂ ಮರೆತಿರಲಿಲ್ಲ, ಹೇಳುತ್ತಲೂ ಇರಲಿಲ್ಲ.

ಮೊದಲ ಸಂಜೆ ಗಿಣಿ ಫೋನಿಟ್ಟು ದೂರ ಕೂತಳು. ರೈಲು ನಿಲ್ದಾಣದಲ್ಲಿ ಛತ್ರಿ ಕಳೆದುಕೊಂಡ ಒಬ್ಬ ಹೆಂಗಸು, ಕೌಂಟರಿನಲ್ಲಿ ಒಬ್ಬ ಗಂಡಸು. ಹೆಂಗಸು ಛತ್ರಿಯ ಬಣ್ಣ ಹೇಳುವ ಹೊತ್ತಿಗೆ ಸರಿಯಾಗಿ ಅಜ್ಜಿ ಗುಡುಗಿದಳು.

"ಯಾರೇ ಅದು ಫೋನಲ್ಲಿ? ನಾನೂ ಮಾತಾಡ್ತೀನಿ, ಕೊಡು!"

"ಅಜ್ಜೀ, ಸುಮ್ನಿರು! ಅದು ಪಾಠ!"

"ಊಟ ಆಯ್ತಾ ಕೇಳು ಅವರನ್ನ!"

ಅಮ್ಮ ಸೆರಗು ಬಾಯಿಗಿಟ್ಟು ನಕ್ಕಳು. ಅಪ್ಪನೂ ನಕ್ಕ. ಗಿಣಿಗೂ ನಗು ಬಂತು, ಮೊದಲ ದಿನವಲ್ಲವೇ. ಛತ್ರಿಯ ಬಣ್ಣ ತಿಳಿಯಲೇ ಇಲ್ಲ. ಪಾಠದಲ್ಲೇನಿತ್ತು ಎಂದು ಗಿಣಿಯಿಂದ ತಿಳಿದುಕೊಂಡಿದ್ದ ಅಜ್ಜಿ ಮರುದಿನ ಕುತೂಹಲದಿಂದ, "ಆ ಹೆಂಗಸಿಗೆ ಅವಳ ಸಾಮಾನು ಸಿಕ್ತಾ?" ಅಂತ ಕೇಳಿದಳು. ಅದರ ಮರುದಿನ ಕೆಮ್ಮಿದಳು, ಸೀನಿದಳು, ಲೋಟ ಬೀಳಿಸಿದಳು. ಸುಮ್ಮನಿದ್ದೇನೆ ಅಂದುಕೊಂಡು ತನ್ನಷ್ಟಕ್ಕೆ ಮಾತಾಡಿಕೊಂಡದ್ದೂ ಎದುರು ಮನೆಗೆ ಕೇಳುತ್ತಿತ್ತು. ವಾರ ಕಳೆಯುವ ಹೊತ್ತಿಗೆ ಆ ಮನೆಯಲ್ಲಿ ನಗು ಖಾಲಿಯಾಗಿತ್ತು.

"ಹೀಗೇ ಆದ್ರೆ ನಾನು ಫೇಲೇ," ಎಂದು ಗಿಣಿ ಪುಸ್ತಕ ಕುಕ್ಕಿದಳು. "ಆಮೇಲೆ ನನ್ನ ಬೈಬೇಡಿ."

ಅಪ್ಪ ತಾಯಿಯ ಕಿವಿಯ ಹತ್ತಿರ ಬಗ್ಗಿದ. "ಅಮ್ಮಾ, ಒಂದು ಕೆಲಸ ಮಾಡು. ಸಂಜೆ ಸ್ವಲ್ಪ ಹೊತ್ತು ಕೆಳಗೆ ಹೋಗಿ ಕೂತ್ಕೋ. ಗಾಳಿನೂ ಆಗುತ್ತೆ. ಹುಡುಗಿ ಓದ್ಕೊಳ್ಳಲಿ."

"ಅಷ್ಟೇ ತಾನೆ? ಮೊದಲೇ ಹೇಳಬಾರ್ದಿತ್ತಾ!" ಅಜ್ಜಿ ಆಗಲೇ ಚಪ್ಪಲಿ ಹುಡುಕಿದಳು.

"ಮೂರು ಮಹಡಿ ರೀ, ಅವರ ಮಂಡಿ..." ಎಂದಳು ಅಮ್ಮ.

"ನಿಧಾನ ಇಳೀತಾಳೆ ಬಿಡು. ವ್ಯಾಯಾಮ."

ಹೇಳಿದ ಮೇಲೆ ಅವನಿಗೇ ಆ ಮಾತು ರುಚಿಸಲಿಲ್ಲ. ಅದಕ್ಕೇ ಇರಬೇಕು, ಬಾಗಿಲವರೆಗೆ ಹೋಗಿ ಬಿಟ್ಟುಬಂದ.

ಕೆಳಗೆ ಕೂರಲು ಏನಿತ್ತು? ಮೆಟ್ಟಿಲ ಬುಡದಲ್ಲಿ ಸ್ಕೂಟರುಗಳು, ಆಚೆ ರಸ್ತೆ. ಎದುರಿಗೆ ಹಲ್ಲಿನ ಡಾಕ್ಟರ ಕ್ಲಿನಿಕ್ಕು. ಅಲ್ಲಿ ಫ್ಯಾನಿತ್ತು, ಕುರ್ಚಿಗಳಿದ್ದವು, ಕುಡಿಯುವ ನೀರಿತ್ತು. ಅಜ್ಜಿ ರಸ್ತೆ ದಾಟಿ ಹೋಗಿ ಮೂಲೆಯ ಕುರ್ಚಿಯಲ್ಲಿ ಕೂತಳು. ಬಾಯಲ್ಲಿ ನೆಟ್ಟಗೆ ನಾಲ್ಕು ಹಲ್ಲಿಲ್ಲದ ಮುದುಕಿ ಯಾವ ಹಲ್ಲು ತೋರಿಸಲು ಬಂದಳೋ ಎಂದು ರಿಸೆಪ್ಷನ್ನಿನ ಹುಡುಗಿ ಟೋಕನ್ ಕೊಟ್ಟಳು. ಸರದಿ ಬಂದಾಗ ಅಜ್ಜಿ, "ನೀವು ಹೋಗಿ, ನಂಗೇನೂ ಅವಸರ ಇಲ್ಲ," ಎಂದು ಪಕ್ಕದವರನ್ನು ಕಳಿಸಿದಳು. ಹೀಗೆ ಎರಡು ಮೂರು ದಿನ ನಡೆದ ಮೇಲೆ ಟೋಕನ್ ಕೊಡುವುದು ನಿಂತಿತು. ಅಜ್ಜಿಯನ್ನು ಯಾರೂ ಏಳಿಸಲಿಲ್ಲ.

ಮನೆಯಲ್ಲಿ ಒಮ್ಮೆ ಅಮ್ಮ ಕೇಳಿದಳು, "ಅತ್ತೆ, ಎಲ್ಲಿ ಕೂತಿರ್ತೀರಾ?"

"ಎದುರಿಗೇ ಕಣಮ್ಮ. ಹಲ್ಲಿನ ಡಾಕ್ಟ್ರ ಹತ್ರ. ಫ್ಯಾನ್ ಹಾಕಿರ್ತಾರೆ."

"ಅವರು ಏನೂ ಕೇಳಲ್ವಾ?"

"ಕೇಳಿದ್ರು. ಏನೋ ಹೇಳ್ದೆ."

ಏನು ಹೇಳಿದಿರಿ ಎಂದು ಯಾರೂ ಕೇಳಲಿಲ್ಲ. ಗಿಣಿಗೆ ಅಂಕ ಏರುತ್ತಿತ್ತು. ತರಗತಿಯ ಕಿರು ಪರೀಕ್ಷೆಯಲ್ಲಿ ಮೊದಲ ಸಲ ಪಾಸಾಗಿ ಬಂದ ದಿನ ಅಪ್ಪ ಎಲ್ಲರಿಗೂ ಮೊಟ್ಟೆ ಕರಿಸಿದ. ಅಜ್ಜಿಯ ತಟ್ಟೆಗೆ ಎರಡು ಬಿತ್ತು. "ಇದರಲ್ಲಿ ನಂದೂ ಪಾಲಿದೆ, ಅಲ್ವೇನೇ?" ಎಂದು ಅವಳು ಗುಡುಗಿದಾಗ ಎಲ್ಲರೂ ಹೌದೆಂದರು. ಮನೆಯವರಿಗೆ ಅಷ್ಟು ಸಲೀಸಾಗಿ ಸಮಾಧಾನವಾಗಿಹೋಯಿತು.

ಆಮೇಲೆ ಟೀಚರು ಹೊಸದೊಂದು ಕೆಲಸ ಕೊಟ್ಟರು. ಪ್ರತಿಯೊಬ್ಬರೂ ಒಂದು ಪುಟ ಜೋರಾಗಿ ಓದಿ, ಫೋನಿನಲ್ಲಿ ರೆಕಾರ್ಡ್ ಮಾಡಿ, ತರಗತಿಯ ಗುಂಪಿಗೆ ಕಳಿಸಬೇಕು. ಅದನ್ನೇ ತರಗತಿಯಲ್ಲಿ ಸ್ಪೀಕರಿಗೆ ಹಾಕುತ್ತಾರೆ, ಉಳಿದವರು ಕೇಳಿ ಉತ್ತರ ಬರೆಯಬೇಕು. ಬೇರೆ ಬೇರೆ ದನಿಗೆ ಕಿವಿ ಪಳಗಬೇಕಲ್ಲ. ಗಿಣಿಯ ಪಾಲಿಗೆ ಬಂದದ್ದು ಕಡಲಾಮೆಗಳ ಮೇಲಿನ ಪಾಠ.

ಅವಳು ಅದನ್ನು ಓದಲು ಕೂತದ್ದು ಭಾನುವಾರ. ಭಾನುವಾರ ಕ್ಲಿನಿಕ್ಕಿಗೆ ರಜೆ. ಹೊರಗೆ ಸುಡುಬಿಸಿಲು. ಅಜ್ಜಿಯ ಮಂಡಿ ಬೇರೆ ಊದಿಕೊಂಡಿತ್ತು.

"ಇವತ್ತೊಂದಿನ ಆಗಲ್ಲಮ್ಮ. ಇಲ್ಲೇ ಮೂಲೇಲಿ ಕೂತಿರ್ತೀನಿ. ಉಸಿರೂ ಬಿಡಲ್ಲ," ಎಂದಳು.

ಮೊದಲ ಸಲ ಓದುವಾಗ ಅಜ್ಜಿಗೆ ಕೆಮ್ಮು ಬಂತು. ಎರಡನೇ ಸಲ, ಕೆಮ್ಮು ತಡೆದುಕೊಂಡೆ ನೋಡು ಅಂತ ಅವಳೇ ಬಾಯಿಬಿಟ್ಟು ಹೇಳಿದಳು. ಗಿಣಿ ಅಳುವಂತಾದಳು. ಸುತ್ತ ನೋಡಿದಳು. ಆ ಮನೆಯಲ್ಲಿ ಬಾಗಿಲಿದ್ದದ್ದು ಒಂದಕ್ಕೇ.

ಅಪ್ಪ ಬಾತ್‌ರೂಮಿಗೆ ಸ್ಟೂಲು ಹಾಕಿದ. ಅಮ್ಮ, "ಬೇಡ ರೀ, ಚೆನ್ನಾಗಿರಲ್ಲ," ಎಂದಳು. ಎಂದಳೇ ಹೊರತು ಅಡ್ಡ ಬರಲಿಲ್ಲ, ಸಂಜೆಗೆ ಕೊಡಬೇಕಿದ್ದ ಪರದೆಗೆ ಮಡಿಕೆ ಹಾಕುತ್ತ ಕೂತಳು. ಅಜ್ಜಿ ಗೋಡೆ ಹಿಡಿದು ಹೋಗಿ ಸ್ಟೂಲಿನ ಮೇಲೆ ಕೂತಳು. ಆ ಬಾಗಿಲು ತಾನಾಗಿ ನಿಲ್ಲುವುದಿಲ್ಲ, ತೆರೆದುಕೊಳ್ಳುತ್ತದೆ. ಗಿಣಿ ಹೊರಗಿನಿಂದ ಚಿಲಕ ಹಾಕಿದಳು.

ಓದು ಈ ಸಲ ಚೆನ್ನಾಗಿ ಬಂತು. ಎಲ್ಲೂ ತಡವರಿಸಲಿಲ್ಲ. ಮುಗಿದದ್ದೇ ಕಳಿಸಿಬಿಟ್ಟಳು. ದಿನಾ ಗಂಟೆಗಟ್ಟಲೆ ಕಂಡವರದನ್ನೆಲ್ಲ ಕೇಳುವ ಹುಡುಗಿ ತನ್ನದನ್ನು ಒಮ್ಮೆ ಕೇಳಿ ನೋಡಲಿಲ್ಲ. ಚಿಲಕ ತೆಗೆದಾಗ ಅಜ್ಜಿಯ ರವಿಕೆಯೆಲ್ಲ ಬೆವರಿನಲ್ಲಿ ಒದ್ದೆಯಾಗಿತ್ತು. "ಚೆನ್ನಾಗಾಯ್ತಾ?" ಎಂದು ಕೇಳಿದಳು. ಚೆನ್ನಾಗಾಯ್ತು ಎಂದಳು ಗಿಣಿ.

ಟೀಚರು ಅದನ್ನು ತರಗತಿಯಲ್ಲಿ ಹಾಕಿದ್ದು ವಾರದ ನಡುವೆ. ಕಡಲಾಮೆಗಳ ಬಗ್ಗೆ ಐದು ಪ್ರಶ್ನೆಗಳನ್ನು ಬೋರ್ಡಿನ ಮೇಲೆ ಬರೆದು, ಎಲ್ಲರೂ ಪೆನ್ನು ಹಿಡಿದ ಮೇಲೆ ಗುಂಡಿ ಒತ್ತಿದರು. ಮೊದಲು ಬಂದದ್ದು ಇಂಗ್ಲಿಷ್ ಅಲ್ಲ.

"ಹೋಗಿ ಒಳಗೆ ಕೂತ್ಕೋ ಅಂದ್ನಲ್ಲ! ನಿನ್ನಿಂದ ಸಾಕಾಗಿದೆ ನಂಗೆ! ನಾನು ಹೇಳೋವರ್ಗೂ ಬಾತ್‌ರೂಮಿಂದ ಆಚೆ ಬಂದ್ರೆ ನೋಡು!"

ಗಂಡಸಿನ ದನಿ. "ಹೋಗಮ್ಮ, ಹೋಗು. ಹತ್ತು ನಿಮಿಷಕ್ಕೇನೂ ಸತ್ತು ಹೋಗಲ್ಲ."

ಸ್ಟೂಲು ಎಳೆದ ಸದ್ದು. ಬಾಗಿಲು. ಚಿಲಕ. ಆಮೇಲೆ ಅದೇ ಹುಡುಗಿಯ ದನಿ, ಈಗ ಸಕ್ಕರೆಯಷ್ಟು ಸಿಹಿಯಾಗಿ, ಎಲ್ಲರಿಗೂ ಇಂಗ್ಲಿಷಿನಲ್ಲಿ ಶುಭೋದಯ ಹೇಳಿತು. ಹಿಂದಿನ ಸಾಲಿನಲ್ಲಿ ಒಬ್ಬಿಬ್ಬರು ನಕ್ಕರು. ಆಮೆಗಳು ದಡಕ್ಕೆ ಬಂದವು, ಗುಂಡಿ ತೋಡಿದವು, ಮೊಟ್ಟೆಯಿಟ್ಟವು. ಅಜ್ಜಿಯನ್ನು ಒಳಗೆ ಕಳಿಸುವ ಮೊದಲೇ ರೆಕಾರ್ಡಿನ ಗುಂಡಿ ಒತ್ತಿಬಿಟ್ಟಿದ್ದು ಈಗ ಹೊಳೆದು, ಗಿಣಿ ಮೇಜಿನ ಮೇಲಿನ ಗೀರುಗಳನ್ನೇ ನೋಡುತ್ತ ಕೂತಿದ್ದಳು. ಟೀಚರು ನಿಲ್ಲಿಸಬಹುದಿತ್ತು, ಆದರೆ ಅವರೂ ಗರಬಡಿದವರಂತೆ ನಿಂತಿದ್ದರು. ಪಾಠ ಮುಗಿದ ಕೂಡಲೆ, ಮುಚ್ಚಿದ ಬಾಗಿಲಿನ ಆಚೆಯಿಂದ, ಇಡೀ ತರಗತಿಗೆ ಕೇಳುವಂತೆ:

"ಮುಗೀತೇನೇ ಗಿಣೀ? ಆಚೆ ಬರ್ಲಾ?"

ಅಲ್ಲಿಗೆ ನಿಂತಿತು. ಯಾರೂ ನಗಲಿಲ್ಲ. ಯಾರೂ ಬರೆಯಲಿಲ್ಲ. ಮುಂದಿನ ಸಾಲಿನ ಹುಡುಗಿಯೊಬ್ಬಳು ಕೈಯೆತ್ತಿದಳು. ತಮಾಷೆಗಲ್ಲ, ನಿಜವಾಗಿಯೇ ತಿಳಿಯಬೇಕೆಂದು ಕೇಳಿದಳು.

"ಟೀಚರ್, ಆ ಅಜ್ಜಿ ಆಚೆ ಬಂದ್ರಾ?"

ಟೀಚರು ಬೋರ್ಡು ಒರೆಸಿದರು.

ಗಿಣಿ ಮನೆಯಲ್ಲಿ ಏನೂ ಹೇಳಲಿಲ್ಲ. ತಲೆನೋವೆಂದು ಮಲಗಿದಳು. ಆದರೆ ರೆಕಾರ್ಡು ಗುಂಪಿನಲ್ಲಿತ್ತಲ್ಲ, ಮಕ್ಕಳ ಫೋನಿನಿಂದ ತಾಯಂದಿರ ಫೋನಿಗೆ ಎಷ್ಟು ಹೊತ್ತಿನ ದಾರಿ? ಎರಡು ದಿನದಲ್ಲಿ ಮಗನ ಸಮವಸ್ತ್ರ ಒಯ್ಯಲು ಬಂದ ಒಬ್ಬಾಕೆ ಒಳಗೆ ಬಂದವಳೇ ಬಟ್ಟೆ ನೋಡಲಿಲ್ಲ, ಬಾತ್‌ರೂಮಿನ ಚಿಲಕ ನೋಡಿದಳು.

"ಅಜ್ಜಿ ಹೇಗಿದಾರೆ?" ಎಂದಳು.

"ಚೆನ್ನಾಗಿದಾರೆ. ಯಾಕೆ?"

"ಏನಿಲ್ಲಪ್ಪ. ಮಕ್ಕಳ ಫೋನಲ್ಲಿ ಏನೋ ಬಂತು, ಅದಕ್ಕೇ ಕೇಳ್ದೆ." ಆಮೇಲೆ ಆಕೆ ಎಲ್ಲವನ್ನೂ ಹೇಳಿದಳು, ಅಯ್ಯೋ ಪಾಪ ಅನ್ನುವುದನ್ನು ನಡುನಡುವೆ ಸೇರಿಸಿ.

ಅಪ್ಪ ಕೆಲಸದಿಂದ ಬಂದಾಗ ಒಲೆ ಹಚ್ಚಿರಲಿಲ್ಲ. ಅಮ್ಮ ಯಂತ್ರದ ಮುಂದೆ ಸುಮ್ಮನೆ ಕೂತಿದ್ದಳು.

"ಬೇಡ ಅಂದೆ. ಅವತ್ತೇ ಬೇಡ ಅಂದೆ," ಎಂದಳು.

"ಅಂದೆ, ಅಂದು ಪರದೆ ಮಡಚ್ತಾ ಕೂತೆ," ಎಂದ ಅಪ್ಪ. "ನೀನೇನು ಎದ್ದು ಬಂದು ಬಾಗಿಲು ತೆಗೆದ್ಯಾ?"

"ನಿಮ್ಮ ತಾಯಿ ಅವರು! ನೀವೇ ಸ್ಟೂಲ್ ಹಾಕಿದ್ರಿ!"

"ಯಾರಿಗೋಸ್ಕರ ಹಾಕ್ದೆ? ಲೇ ಗಿಣಿ, ಬಾ ಇಲ್ಲಿ! ಹಾಕು ಅದನ್ನ. ನಾನೂ ಕೇಳ್ಬೇಕು."

"ಬೇಡಪ್ಪ."

"ಹಾಕು ಅಂದೆ."

ಹಾಕಿದಳು. ಅಪ್ಪ ನಿಂತೇ ಕೇಳಿದ. ತನ್ನ ದನಿ ಬಂದಾಗ ಕೂತ. ಹತ್ತು ನಿಮಿಷಕ್ಕೇನೂ ಸತ್ತು ಹೋಗಲ್ಲ. ಹಾಗೆ ಹೇಳಿದ್ದು ಅವನಿಗೆ ನೆನಪೇ ಇರಲಿಲ್ಲ, ಅದಕ್ಕೇ ಅವನಿಗೆ ಹೆಚ್ಚು ನಾಚಿಕೆಯಾದದ್ದು. ನೆನಪಿಟ್ಟುಕೊಳ್ಳುವಷ್ಟು ದೊಡ್ಡ ಮಾತೆಂದೂ ಅನ್ನಿಸದೆ ಬಾಯಿಂದ ಬಂದಿತ್ತು. ಅವನು ಕೈಯ ಗ್ರೀಸನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ ಕೂತ, ಒರೆಸಿದ್ದನ್ನೇ ಒರೆಸಿದ.

ಅಷ್ಟರಲ್ಲಿ ಅಜ್ಜಿ ಮೂವರ ಮುಖವನ್ನೂ ಸರದಿಯಾಗಿ ನೋಡಿದಳು. "ಏನಂತೆ? ಏನಾಯ್ತು? ಯಾರು ಹೋದ್ರು?"

"ಏನಿಲ್ಲ ಅತ್ತೆ."

"ಏನಿಲ್ಲ ಅಂದ್ರೆ ಈ ಮುಖ ಯಾಕೆ? ಕೊಡಿ ಇಲ್ಲಿ. ನನ್ನ ಕಿವಿಗಿಡಿ."

ಯಾರೂ ಕೊಡಲಿಲ್ಲ. ಅವಳೇ ಗಿಣಿಯ ಕೈಯಿಂದ ಫೋನು ತೆಗೆದು ಕಿವಿಗೆ ಒತ್ತಿ ಹಿಡಿದಳು. ಗಿಣಿ ಅದನ್ನು ಮತ್ತೆ ಹಾಕಬೇಕಾಯಿತು, ದನಿ ಪೂರ್ತಿ ಏರಿಸಿ. ಅಜ್ಜಿ ಕಣ್ಣು ಮುಚ್ಚಿ ಕೇಳಿದಳು. ಮೊಮ್ಮಗಳ ಬೈಗುಳ ಹೋಯಿತು, ಮಗನ ಮಾತು ಹೋಯಿತು, ಮುಖ ಅಲುಗಲಿಲ್ಲ. ಎಷ್ಟು ಕೇಳಿಸಿತೋ, ಎಷ್ಟು ಬಿಟ್ಟಿತೋ. ಇಂಗ್ಲಿಷಿಗೆ ತಲೆದೂಗಿದಳು. ಕೊನೆಯಲ್ಲಿ ತನ್ನದೇ ಕೂಗು ಬಂದಾಗ ಬೆಚ್ಚಿಬಿದ್ದು ಫೋನನ್ನು ಕಿವಿಯಿಂದ ದೂರ ಹಿಡಿದಳು.

"ಇದು ನಾನಾ?"

ಗಿಣಿ ಹೌದೆಂದು ತಲೆಯಾಡಿಸಿದಳು.

"ನನ್ನ ದನಿ ಇಷ್ಟು ಜೋರಾ? ದಿನಾ ಹಿಂಗೇನಾ?" ಅಜ್ಜಿಯ ಮುಖ ಸಣ್ಣದಾಯಿತು. "ಅಯ್ಯೋ ಮಗಳೇ, ಇಷ್ಟು ಚೆನ್ನಾಗಿ ಓದಿದ್ದೀಯ, ಎಲ್ಲರ ಮುಂದೆ ನಿನ್ನ ಮಾನ ಕಳೆದ್ನಲ್ಲೇ. ಮೊದಲೇ ಯಾಕೆ ಹೇಳಲಿಲ್ಲ ನೀವು?"

ಬೈದಿದ್ದರೆ ಆ ಮನೆಯವರು ತಡೆದುಕೊಳ್ಳುತ್ತಿದ್ದರು. ಅಪ್ಪ ಎದ್ದು ಅಡುಗೆ ಜಾಗಕ್ಕೆ ಹೋಗಿ ಅಕ್ಕಿ ತೊಳೆಯತೊಡಗಿದ. ಅವನು ಅಕ್ಕಿ ತೊಳೆದದ್ದನ್ನು ಅಲ್ಲಿಯವರೆಗೆ ಯಾರೂ ಕಂಡಿರಲಿಲ್ಲ. ತಟ್ಟೆ ಹಾಕಿದಾಗ ಅನ್ನ ಮುದ್ದೆಯಾಗಿತ್ತು, ಎಲ್ಲರೂ ತಲೆ ತಗ್ಗಿಸಿ ತಿಂದರು.

ಮರುದಿನದಿಂದ ಗುಡುಗಜ್ಜಿ ಗುಡುಗಲಿಲ್ಲ. ತುಟಿ ಮಾತ್ರ ಅಲ್ಲಾಡಿಸುತ್ತಿದ್ದಳು. ನೀರು ಬೇಕೋ, ಮಜ್ಜಿಗೆ ಬೇಕೋ ಎಂದು ಬಗ್ಗಿ ಬಗ್ಗಿ ಕೇಳಬೇಕು. "ಜೋರಾಗಿ ಹೇಳಿ ಅತ್ತೆ, ಪರವಾಗಿಲ್ಲ," ಎಂದು ಅಮ್ಮ ಅಂದರೆ ಕೈಯಾಡಿಸಿ ನಗುತ್ತಿದ್ದಳು. ಗಿಣಿ ಪೆಟ್ಟಿಗೆಯಿಂದ ಇಯರ್‌ಫೋನ್ ತೆಗೆದಳು. "ನೀನೆಲ್ಲೂ ಹೋಗ್ಬೇಡ ಅಜ್ಜಿ, ನಾನು ಇದರಲ್ಲೇ ಕೇಳ್ತೀನಿ," ಎಂದು ಕಿವಿಯಲ್ಲಿ ಕೂಗಿದಳು. ಅಜ್ಜಿ ಆಗಲಿ ಎಂದು ತಲೆಯಾಡಿಸಿದಳು. ಸಂಜೆಯಾಗುವ ಮೊದಲೇ, ಅಮ್ಮ ದಾರ ತರಲು ಅಂಗಡಿಗೆ ಹೋದ ಹೊತ್ತು ನೋಡಿ, ಮೆಟ್ಟಿಲಿಳಿದುಬಿಟ್ಟಿದ್ದಳು. ಮೊದಲು ಒಂದು ಗಂಟೆ ಕೂರುತ್ತಿದ್ದವಳು ಈಗ ಬೇಗ ಹೋಗಿ ತಡವಾಗಿ ಬರತೊಡಗಿದಳು. ತಡೆದರೆ, "ಅಲ್ಲಿ ಫ್ಯಾನಿದೆ," ಎಂದು ತುಟಿ ಅಲ್ಲಾಡಿಸುವಳು. ಮನೆಯಲ್ಲೂ ಫ್ಯಾನಿತ್ತು.

ಕೊನೆಯ ಪರೀಕ್ಷೆಗೆ ಇನ್ನು ಸ್ವಲ್ಪವೇ ದಿನ ಇದ್ದಾಗ ಒಂದು ಸಂಜೆ ಗಿಣಿ ಫೋನಿನ ಮುಂದೆ ಕೂತಳು. ಮನೆ ಅಚ್ಚುಕಟ್ಟಾಗಿ ನಿಶ್ಶಬ್ದವಾಗಿತ್ತು. ಯಾರೋ ಯಾರಿಗೋ ಬಸ್ಸಿನ ದಾರಿ ಹೇಳುತ್ತಿದ್ದರು, ಪ್ರತಿ ಮಾತೂ ಸ್ಪಷ್ಟ. ಪ್ರಶ್ನೆಗಳಿಗೆಲ್ಲ ಉತ್ತರ ಗೊತ್ತಿತ್ತು, ಬರೆಯಲು ಕೈ ಬರಲಿಲ್ಲ. ಅವಳು ಎದ್ದು ಚಪ್ಪಲಿ ಮೆಟ್ಟಿಕೊಂಡಳು.

ಕ್ಲಿನಿಕ್ಕಿನಲ್ಲಿ ಜನ ತುಂಬಿದ್ದರು. ಕೆನ್ನೆ ಊದಿದ ಒಬ್ಬ ಮುದುಕ, ಮಗುವನ್ನು ತೊಡೆಯ ಮೇಲಿಟ್ಟುಕೊಂಡ ಒಬ್ಬ ಹೆಂಗಸು, ಇನ್ನೂ ಕೆಲವರು. ಅಜ್ಜಿ ಮೂಲೆಯಲ್ಲಿ ಕಾಲು ಹಿಂದಕ್ಕೆಳೆದುಕೊಂಡು, ಆದಷ್ಟು ಕಡಿಮೆ ಜಾಗದಲ್ಲಿ ಕೂತಿದ್ದಳು.

"ಟೋಕನ್ ಬೇಕಾ?" ಎಂದಳು ರಿಸೆಪ್ಷನ್ನಿನವಳು.

"ಇಲ್ಲ. ಇವರನ್ನ ಕರ್ಕೊಂಡು ಹೋಗೋಕೆ ಬಂದೆ."

ಅಜ್ಜಿ ಆಗ ಅವಳನ್ನು ಕಂಡಳು. ಗಾಬರಿಯಾಗಿ ಅರ್ಧ ಎದ್ದಳು. ಎಲ್ಲರ ಕಡೆ ನೋಡಿ, ಹೊಸದಾಗಿ ಕಲಿತ ಆ ಸಣ್ಣ ದನಿಯಲ್ಲಿ ಅವಸರವಾಗಿ ಹೇಳಿದಳು, "ಪಕ್ಕದ್ಮನೆ ಹುಡುಗಿ. ನಮ್ಮ ಪಕ್ಕದ್ಮನೆ ಹುಡುಗಿ."

"ಹೌದಾ! ಸದ್ಯ," ಎಂದಳು ರಿಸೆಪ್ಷನ್ನಿನವಳು. "ಇವರ ಮನೆಯವರೆಲ್ಲ ಕೆಲಸಕ್ಕೆ ಹೋಗಿ ಬೀಗ ಹಾಕಿರ್ತಾರಂತೆ. ಬೀಗದ ಕೈ ಮಗನ ಹತ್ರ ಇರುತ್ತಂತೆ, ಪಾಪ, ಅವನು ಬರೋ ತನಕ ಇಲ್ಲೇ ಕೂತಿರ್ತಾರೆ. ತುಂಬಾ ಒಳ್ಳೆ ಮಗ, ಒಳ್ಳೆ ಮೊಮ್ಮಗಳು ಅಂತ ದಿನಾ ಹೇಳ್ತಾರೆ. ನೀನಾದ್ರೂ ಬಂದ್ಯಲ್ಲ."

ಕೆನ್ನೆ ಊದಿದ ಮುದುಕ ನೋವಿನಲ್ಲೂ ಅವಳ ಕಡೆ ನೋಡಿ ಮೆಚ್ಚುಗೆಯಿಂದ ತಲೆಯಾಡಿಸಿದ. ಮಗುವಿನ ತಾಯಿ ಜಾಗ ಮಾಡಿಕೊಟ್ಟಳು. ಸುಮ್ಮನೆ ಅಜ್ಜಿಯ ಕೈ ಹಿಡಿದು ಹೊರಟಿದ್ದರೆ ಸಾಕಿತ್ತು. ಗಿಣಿಗೆ ಹಾಗೇ ಹೊರಡಬೇಕು ಅನ್ನಿಸಿತು, ಅನ್ನಿಸಿದ್ದಕ್ಕೆ ಅಸಹ್ಯವೂ ಆಯಿತು.

"ನಾನು ಇವರ ಮೊಮ್ಮಗಳು," ಎಂದಳು. "ನಾವು ಬೀಗ ಹಾಕಿರಲ್ಲ. ಎಲ್ಲರೂ ಮನೇಲೇ ಇರ್ತೀವಿ."

ಮಗುವಿನ ತಾಯಿ ಮುಖ ತಿರುಗಿಸಿದಳು. ರಿಸೆಪ್ಷನ್ನಿನವಳ ಕೈ ಟೋಕನ್ನಿನ ಡಬ್ಬಿಯ ಮೇಲೆ ನಿಂತಿತು. ಅಜ್ಜಿ ಮಾತ್ರ ಇನ್ನೂ ನಗುತ್ತಲೇ ಇದ್ದಳು.

"ಏನಂದೆ?" ಎಂದು ತುಟಿ ಅಲ್ಲಾಡಿಸಿದಳು.

ಗಿಣಿ ಅವಳ ಕಿವಿಗೆ ಬಗ್ಗಿದಳು. ಮೆಲ್ಲಗೆ ಹೇಳಿದರೆ ಆ ಕಿವಿಗೆ ಏನೂ ತಲುಪುವುದಿಲ್ಲ. ಒಳಗಿನ ಕೋಣೆಯ ಡಾಕ್ಟರಿಗೂ ಕೇಳುವಷ್ಟು ಜೋರಾಗಿ, ಗಂಟಲು ಬಿರಿಯುವಂತೆ ಕೂಗಿ ಹೇಳಿದಳು.

"ನಾನು ನಿನ್ನ ಮೊಮ್ಮಗಳು ಅಂದೆ! ನಾವೆಲ್ಲ ಮನೇಲಿದ್ದೇ ನಿನ್ನ ಆಚೆ ಕಳಿಸಿದ್ದು ಅಂದೆ!"

ಅಜ್ಜಿ ಗಬಕ್ಕನೆ ಅವಳ ಬಾಯಿಗೆ ಕೈ ಅಡ್ಡ ಹಿಡಿದಳು.

"ಮೆಲ್ಲಗೇ, ಮೆಲ್ಲಗೆ," ಎಂದಳು. "ಜನ ಕೇಳಿಸ್ಕೋತಾರೆ."